ಸಡಿಲಿನ ಪರ ಒಂದು ವಕಾಲತ್ತು

ಅಣ್ಣನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್, ಹುಚ್ಚಿಗೆ ಗುರಿ ಹೊಡೆಯುವುದು. ಹೋದ ತಿಂಗಳು ಒಂದು ಭಾನುವಾರ ನಾನು ಶಿಗ್ಗಾಂವಿಯ ಮನೆಯ ಪಡಸಾಲೆಯಲ್ಲಿ ಚಹಾ ಹಿಡಿದು ಕೂತಿದ್ದೆ, ಅವನಿಗಿನ್ನೂ ಶನಿವಾರ ರಾತ್ರಿ. ವಿಡಿಯೊ ಕಾಲ್ ಬಂತು. ಮುಖ ತೋರಿಸಲಿಲ್ಲ, ಆರಾಮ ಇದ್ದೀರೇನು ಅಂತ ಕೇಳಲೂ ಇಲ್ಲ. ಕ್ಯಾಮೆರಾವನ್ನು ಸೀದಾ ಗ್ಯಾರೇಜಿನ ಬೆಂಚಿನ ಮೇಲಿದ್ದ ಒಂದು ಕೈಪ್ರೆಸ್ಸಿನ ಮೇಲೆ ಹಿಡಿದ.

“ಕಾಕಾ, ನೋಡ್ರಿ, ಹೆಂಗ ಅಲಗಾಡಾಕತ್ತೈತಿ. ಇಷ್ಟ್ ರೊಕ್ಕಾ ಕೊಟ್ಟು ತಗೊಂಡೀನಿ!”

ಎರಡು ಬೆರಳಲ್ಲಿ ಪ್ರೆಸ್ಸಿನ ರ‍್ಯಾಮ್ ಹಿಡಿದು ಅತ್ತಿತ್ತ ಜಗ್ಗಿ ತೋರಿಸಿದ. ನಿಜ, ಅಲುಗಾಡುತ್ತಿತ್ತು. ಅವನ ಬಳಗದವರೆಲ್ಲ ಒಂದೇ ಮಾತು ಹೇಳಿದ್ದರಂತೆ: ಗುಂಡು ಒಂದೇ ಕಡೆ ಬೀಳದಿರುವುದಕ್ಕೆ ಈ ಸಡಿಲೇ ಕಾರಣ, ಇದನ್ನು ಮಾರಿ ದುಪ್ಪಟ್ಟು ಬೆಲೆಯದನ್ನು ತಗೋ, ಇಲ್ಲವೇ ರ‍್ಯಾಮ್ ಓಡಾಡುವ ತೂತಿಗೆ ಬಿಗಿಯಾದ ಬುಷ್ ಹಾಕಿಸು. ಬುಷ್ ಅಂದಕೂಡಲೇ ಅವನಿಗೆ ಕಾಕಾ ನೆನಪಾಗಿದ್ದಾನೆ. ಮೂವತ್ತು ವರ್ಷ ಲೇಥ್ ಮುಂದೆ ನಿಂತು, ಹುಡುಗರಿಗೆ ಟರ್ನಿಂಗ್ ಕಲಿಸಿದವನಲ್ಲವೇ ನಾನು. ಎಂಥ ಲೋಹದ್ದು ಹಾಕಿಸಲಿ, ಎಷ್ಟು ಬಿಗಿ ಕೊಡಿಸಲಿ ಎಂಬುದು ಅವನ ಪ್ರಶ್ನೆ.

“ಏನೂ ಹಾಕಬ್ಯಾಡ ತಮ್ಮಾ, ಅಲಗಾಡ್ಲಿ ಬಿಡು” ಅಂದೆ.

ಆ ಕಡೆ ಮೌನ. ಕಾಕಾನಿಗೆ ವಯಸ್ಸಾಯಿತು ಎಂದುಕೊಂಡಿರಬೇಕು. ಅವನೊಬ್ಬನೇ ಅಲ್ಲ, ನನ್ನ ಜೊತೆ ಕೆಲಸ ಮಾಡಿದ ಇಬ್ಬರು ಹಳೆಯ ಫಿಟ್ಟರ್‌ಗಳಿಗೆ ಈ ವಿಷಯ ಹೇಳಿದರೆ ಅವರೂ ಹುಬ್ಬೇರಿಸಿದರು. ಅವರ ಅನುಭವ ನನಗಿಂತ ಸಣ್ಣದೇನಲ್ಲ, ಅವರ ಮೇಲೆ ನನಗೆ ಗೌರವವೂ ಇದೆ. ಆದರೂ ಯಂತ್ರದಲ್ಲಿ ಸಡಿಲು ಕಂಡರೆ ಅದೇ ಕಳ್ಳ ಎಂದು ಹಿಡಿದು ಕಟ್ಟಿಹಾಕುವ ನಮ್ಮ ಅಭ್ಯಾಸ ತಪ್ಪು ಎಂದು ನನ್ನ ವಾದ. ಸಿಟ್ಟಾಗದೆ ಕೇಳಬೇಕು.

ಮೊದಲು ಆ ಪ್ರೆಸ್ ಏನು ಮಾಡುತ್ತದೆ ಎಂದು ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆ ಅದು ನೋಡಲು ಸಿಗುವ ವಸ್ತುವಲ್ಲ. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆಯ ಕವಚ ಹಾಗೇ ಉಳಿಯುತ್ತದೆ. ಅಲ್ಲಿಯವರು ಅದನ್ನು ‘ಕೇಸು’ ಅನ್ನುತ್ತಾರೆ. ನಮ್ಮಲ್ಲಿ ಬಂದೂಕು ಮತ್ತು ಕೇಸು ಎಂಬ ಎರಡು ಶಬ್ದ ಒಟ್ಟಿಗೆ ಬಂದರೆ ಅರ್ಥವೇ ಬೇರೆ, ಅದು ಹಾಗಿರಲಿ. ಹಾರಿಸಿದಾಗ ಉಬ್ಬಿದ ಈ ಕೇಸನ್ನು ಗಟ್ಟಿ ಉಕ್ಕಿನ ಡೈ ಒಳಗೆ ಒತ್ತಿ ಮತ್ತೆ ಹಳೆಯ ಅಳತೆಗೆ ತರುವುದು, ಕೊನೆಗೆ ಹೊಸ ಗುಂಡನ್ನು ಅದರ ಬಾಯಿಗೆ ನೆಟ್ಟಗೆ ಕೂರಿಸುವುದು, ಇಷ್ಟು ಈ ಪ್ರೆಸ್ಸಿನ ಕೆಲಸ. ಮೇಲೆ ಡೈ ಕದಲದೆ ಕೂತಿರುತ್ತದೆ. ಕೆಳಗಿನಿಂದ ರ‍್ಯಾಮ್ ಕೇಸನ್ನು ಹೊತ್ತು ಮೇಲೇರುತ್ತದೆ. ಕೈಯಲ್ಲಿ ಎಳೆಯುವ ಉದ್ದನೆಯ ಹಿಡಿ. ಕಬ್ಬಿನ ಹಾಲಿನ ಗಾಡಿಯವನ ನಿಂಬೆಹಣ್ಣು ಹಿಂಡುವ ಇಕ್ಕಳವನ್ನು ಕಬ್ಬಿಣದಲ್ಲಿ ದೊಡ್ಡದು ಮಾಡಿ ನಿಲ್ಲಿಸಿದಂತೆ ಎಂದುಕೊಳ್ಳಿ.

ಶಿಗ್ಗಾಂವಿಯಲ್ಲಿ ಇದು ಕಾಣದಿರುವುದಕ್ಕೆ ಕಾರಣ ಬಡತನವಲ್ಲ, ಕಾಯ್ದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕಾಯ್ದೆಯ ಬೇರು ಇನ್ನೂ ಹಿಂದಕ್ಕಿದೆ. 1857ರಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದು ಮನೆಮನೆಯ ಹತಾರ ಒಪ್ಪಿಸಿ ಅಂದಾಗ, ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಿಸಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಊರು ಸುಟ್ಟಿತು. ಅವರ ಲಾವಣಿ ನಮ್ಮ ಕಡೆ ಇನ್ನೂ ಹಾಡುತ್ತಾರೆ. ಕೊಡಗಿನವರಿಗೆ ಹತಾರ ಇಟ್ಟುಕೊಳ್ಳಲು 1861ರಲ್ಲೇ ವಿನಾಯಿತಿ ಸಿಕ್ಕಿತು. ಸ್ವಾತಂತ್ರ್ಯದ ನಂತರ 1963ರ ಅಧಿಸೂಚನೆಯಲ್ಲಿ ಅದು ಮುಂದುವರಿಯಿತು, ಈಗ 2029ರವರೆಗೆ ಇದೆ. ನಮ್ಮ ರೈತರಲ್ಲಿ ಹಂದಿ ಕಾಯಲೆಂದು ಒಂಟಿ ನಳಿಗೆಯ ಬಂದೂಕಿಗೆ ಲೈಸೆನ್ಸ್ ಮಾಡಿಸಿಕೊಂಡವರಿದ್ದಾರೆ. ಚುನಾವಣೆ ಬಂತೆಂದರೆ ಅವರು ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪೊಲೀಸ್ ಠಾಣೆಗೆ ಒಯ್ಯಬೇಕು.  ಹೀಗಾಗಿ ಅಮೆರಿಕದ ಗ್ಯಾರೇಜಿನ ಈ ಕಸುಬನ್ನು ಇಲ್ಲಿ ಯಾರಿಗೂ ಕಲಿಸುವ ಉದ್ದೇಶ ನನಗಿಲ್ಲ, ಕಲಿಯಲೂ ಬೇಡಿ. ನನಗೆ ಬೇಕಾಗಿರುವುದು ಪ್ರೆಸ್ ಮಾತ್ರ. ಅದರ ತರ್ಕ ಬೀಸುವ ಕಲ್ಲಿಗೂ ಸಲ್ಲುತ್ತದೆ, ಕೂರಿಗೆಗೂ ಸಲ್ಲುತ್ತದೆ.

ಈಗ ಸಡಿಲಿಗೆ ಬರೋಣ. ಸಡಿಲು ಅಂದರೆ ಒಂದಲ್ಲ, ಎರಡು. ಪಕ್ಕಕ್ಕೆ ಅಲುಗುವುದು ಒಂದು, ಮೇಲೆ ಕೆಳಗೆ ಅಲುಗುವುದು ಇನ್ನೊಂದು. ಮೆಕ್ಯಾನಿಕ್ ಬಾಯಲ್ಲಿ ಎರಡಕ್ಕೂ ಒಂದೇ ಶಬ್ದ: “ಪ್ಲೇ ಬಂದೈತ್ರಿ.” ಗೊಂದಲವೆಲ್ಲ ಹುಟ್ಟುವುದು ಈ ಒಂದು ಶಬ್ದದಿಂದ.

ಪಕ್ಕದ ಸಡಿಲು ಏನು ಮಾಡುತ್ತದೆ? ಕೇಸು ದುಂಡಗಿದೆ, ಡೈ ಒಳಗೂ ದುಂಡಗಿದೆ, ಬಾಯಿ ತುಸು ಅಗಲ, ಒಳಗೆ ಹೋದಂತೆ ಕಿರಿದು. ಅಂಥ ಕುಳಿಯೊಳಗೆ ಒಂದು ದುಂಡು ವಸ್ತುವನ್ನು ಒತ್ತಿದರೆ ಅದು ತನ್ನ ನಡುವನ್ನು ತಾನೇ ಹುಡುಕಿಕೊಳ್ಳುತ್ತದೆ. ಹುಡುಕಿಕೊಳ್ಳಲು ಅದಕ್ಕೆ ಜಾಗ ಬೇಕು, ಅಷ್ಟೇ. ರ‍್ಯಾಮ್ ಸ್ವಲ್ಪ ಅಲುಗುತ್ತಿದ್ದರೆ ಕೇಸು ಅದನ್ನು ಎಳೆದುಕೊಂಡು ಡೈನ ನಡುವಿಗೆ ಬಂದು ನಿಲ್ಲುತ್ತದೆ. ಬುಷ್ ಹಾಕಿ ಬಿಗಿ ಮಾಡಿದಿರಿ ಎಂದುಕೊಳ್ಳಿ. ಈಗ ರ‍್ಯಾಮಿನ ನಡು ಮತ್ತು ಡೈನ ನಡು ಎರಡೂ ಒಂದೇ ಗೆರೆಯ ಮೇಲೆ ಇರಬೇಕು, ಕೂದಲೆಳೆಯಷ್ಟೂ ತಪ್ಪಬಾರದು. ಎರಕದ ಚೌಕಟ್ಟಿನ ಮೇಲೆ ಕೊರೆದ ಎರಡು ತೂತುಗಳು ಅಷ್ಟು ಕರಾರುವಾಕ್ಕಾಗಿ ಒಂದೇ ಗೆರೆಯಲ್ಲಿ ಬರುವುದು ಅಪರೂಪ. ತಪ್ಪಿದ್ದರೆ ಬಿಗಿ ರ‍್ಯಾಮ್ ಪ್ರತಿ ಸಲವೂ, ನಿಷ್ಠೆಯಿಂದ, ಒಂದೇ ಪಕ್ಕಕ್ಕೆ ಕೇಸನ್ನು ಸೊಟ್ಟ ಮಾಡುತ್ತದೆ. ಸಡಿಲು ರ‍್ಯಾಮ್ ಯಂತ್ರದ ತಪ್ಪನ್ನು ಕೇಸಿಗೆ ದಾಟಿಸುವುದಿಲ್ಲ. ಬಿಗಿ ರ‍್ಯಾಮ್ ದಾಟಿಸುತ್ತದೆ.

ಇದು ನನ್ನ ಕಲ್ಪನೆಯಲ್ಲ. ಲೇಥ್ ಮೇಲೆ ಕೆಲಸ ಮಾಡಿದ ಯಾರನ್ನಾದರೂ ಕೇಳಿ: ಡ್ರಿಲ್ ಹೊಡೆದ ತೂತಿಗೆ ಕೊನೆಯ ಅಳತೆ ಕೊಡಲು ರೀಮರ್ ಹಾಕುವಾಗ ಅದನ್ನು ಬಿಗಿಯಾಗಿ ಕಚ್ಚಿ ಹಿಡಿಯುವುದಿಲ್ಲ. ಅಲುಗುವ ಹೋಲ್ಡರಿನಲ್ಲಿ ಹಾಕುತ್ತೇವೆ, ತೂತು ಹೋದ ದಾರಿಯಲ್ಲೇ ರೀಮರ್ ಹೋಗಲಿ ಎಂದು. ಬಿಗಿ ಹಿಡಿದರೆ ತೂತಿನ ಬಾಯಿ ಅಗಲವಾಗುತ್ತದೆ. ಈ ಪಾಠವನ್ನು ನಾನೇ ಎಷ್ಟು ಬ್ಯಾಚಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಅಮೆರಿಕದ ಫಾರ್ಸ್ಟರ್ ಕಂಪನಿಯ ‘ಕೋ-ಆಕ್ಸ್’ ಎಂಬ ಪ್ರೆಸ್ಸಿನಲ್ಲಂತೂ ಸಡಿಲನ್ನು ಬೇಕೆಂದೇ ಇಟ್ಟಿದ್ದಾರೆ: ಕೇಸು ಹಿಡಿಯುವ ದವಡೆಯೂ ಅಲುಗುತ್ತದೆ, ಡೈ ಕೂಡ ತನ್ನ ಸಂದಿನಲ್ಲಿ ಅಲುಗುತ್ತದೆ. ಆ ಕಸುಬಿನ ಹಳಬರು ಡೈನ ಲಾಕ್‌ರಿಂಗ್ ಕೆಳಗೆ ಅಗ್ಗದ ಒಂದು ರಬ್ಬರ್ ಓ-ರಿಂಗ್ ಹಾಕುತ್ತಾರೆ. ಯಾಕೆ? ಡೈ ತುಸು ಅಲುಗಲಿ ಎಂದು. ದುಪ್ಪಟ್ಟು ಬೆಲೆಯ ಬಿಗಿಯನ್ನು ಹುಡುಕುತ್ತಿದ್ದ ನನ್ನ ಹುಡುಗನಿಗೆ ಇದನ್ನು ಹೇಳಿದಾಗ ಅವನಿಗೆ ನಗು ಬಂತು. ನನಗೂ ಬಂತು.

ಇಷ್ಟು ದೂರದ ಉದಾಹರಣೆಯೂ ಬೇಡ. ನಮ್ಮ ಪಡಸಾಲೆಯ ಮೂಲೆಯಲ್ಲಿ ಅಜ್ಜಿಯ ಕಾಲದ ಬೀಸುವ ಕಲ್ಲಿದೆ. ಕೆಳಗಿನ ಕಲ್ಲಿನ ನಡುವೆ ಗೂಟ, ಮೇಲಿನ ಕಲ್ಲಿನ ನಡುವೆ ತೂತು. ಗೂಟಕ್ಕಿಂತ ತೂತು ದೊಡ್ಡದು. ಚಿಕ್ಕವನಿದ್ದಾಗ ನಾನು ಬುದ್ಧಿವಂತಿಕೆ ಮಾಡಿ ಗೂಟಕ್ಕೆ ಬಟ್ಟೆ ಸುತ್ತಿ ಬಿಗಿ ಮಾಡಿದ್ದೆ, ಕಲ್ಲು ಅಲುಗಾಡದೆ ತಿರುಗಲಿ ಎಂದು. ಒಂದು ಕಡೆ ರವೆ, ಒಂದು ಕಡೆ ನುಚ್ಚು ಬಿತ್ತು. ಅಜ್ಜಿ ಬಟ್ಟೆ ಕಿತ್ತು ಬಿಸಾಕಿ, ತಲೆಗೊಂದು ಮೊಟಕಿ, ಮತ್ತೆ ಬೀಸಲು ಕೂತಳು. ಮೇಲಿನ ಕಲ್ಲು ಕೆಳಗಿನ ಕಲ್ಲಿನ ಮೇಲೆ ತನ್ನ ಭಾರದಿಂದ ತಾನೇ ಕೂರಬೇಕು. ಗೂಟ ಇರುವುದು ಅದು ಊರು ಬಿಟ್ಟು ಹೋಗದಂತೆ ನೋಡಿಕೊಳ್ಳಲು ಮಾತ್ರ.

ಇಲ್ಲಿ ನನ್ನ ಫಿಟ್ಟರ್ ಗೆಳೆಯರು ತಡೆದರು. “ಅಲ್ರೀ, ಮೇಲೆ ಕೆಳಗಿನ ಸಡಿಲು? ಅದನ್ನೂ ಬಿಡ್ಲಿ ಅಂತೀರೇನು?” ನ್ಯಾಯವಾದ ಪ್ರಶ್ನೆ. ಅದನ್ನು ಬಿಡಬಾರದು. ಕೇಸು ಡೈ ಒಳಗೆ ಎಷ್ಟು ಆಳ ಹೋಯಿತು ಎಂಬುದರ ಮೇಲೆ ಅದರ ಹೆಗಲಿನ, ಅಂದರೆ ಬಾಯಿಯ ಕೆಳಗೆ ಕಿರಿದಾಗುವ ಭಾಗದ, ಎತ್ತರ ನಿಲ್ಲುತ್ತದೆ, ಗುಂಡು ಎಷ್ಟು ಆಳ ಕೂತಿತು ಎಂಬುದೂ ಹಾಗೆಯೇ. ಅಲ್ಲಿ ಒಮ್ಮೆ ಒಂದು, ಒಮ್ಮೆ ಇನ್ನೊಂದು ಆದರೆ ನಡೆಯದು. ಈ ಡೈಗಳ ಹೊರಮರೆ ಸಾಮಾನ್ಯವಾಗಿ ಮುಕ್ಕಾಲು ಇಂಚಿಗಿಂತ ಒಂದು ಸೂತು ಹೆಚ್ಚು, ಅಂದರೆ ಏಳು ಸೂತಿನ ವ್ಯಾಸ. ಇಂಚಿಗೆ 14 ಸುತ್ತು. ಒಂದು ಪೂರ್ತಿ ಸುತ್ತು ತಿರುಗಿಸಿದರೆ ಡೈ 1.81 ಮಿಲಿಮೀಟರ್ ಇಳಿಯುತ್ತದೆ. ಗಡಿಯಾರದ ಮುಳ್ಳು ಒಂದು ನಿಮಿಷ ಸರಿದಷ್ಟು ಮಾತ್ರ ತಿರುಗಿದರೂ 0.03 ಮಿಲಿಮೀಟರ್ ವ್ಯತ್ಯಾಸ. ಲಾಕ್‌ರಿಂಗ್ ಸರಿಯಾಗಿ ಕಚ್ಚದೆ ಕೆಲಸದ ನಡುವೆ ಡೈ ಮೆಲ್ಲಗೆ ತಿರುಗುತ್ತಿದ್ದರೆ ದೇವರೂ ಕಾಯಲಾರ. ಹಿಡಿಯ ಜೋಡಣೆಯ ಪಿನ್ನುಗಳು ಒಂದು ಕಡೆ ಸವೆದಿದ್ದರೆ ಬದಲಿಸಲೇಬೇಕು. ಇದನ್ನೆಲ್ಲ ನಾನು ಒಪ್ಪುತ್ತೇನೆ.

ಆದರೆ ಒಂದು ಸೂಕ್ಷ್ಮ ನೋಡಿ. ಈ ಪ್ರೆಸ್ಸಿನ ಹಿಡಿ ಮತ್ತು ರ‍್ಯಾಮ್ ನಡುವಿನ ಮೊಣಕೈ ಜೋಡಣೆ ಎಳೆತದ ಕೊನೆಯಲ್ಲಿ ನೆಟ್ಟಗಾಗುತ್ತದೆ. ಎಳೆತದ ನಡುಭಾಗದಲ್ಲಿ ಹಿಡಿ ಒಂದು ಡಿಗ್ರಿ ಹೆಚ್ಚುಕಡಿಮೆಯಾದರೆ, 50 ಮಿಲಿಮೀಟರಿನ ತೋಳಿನ ಲೆಕ್ಕಕ್ಕೆ, ರ‍್ಯಾಮ್ ಸುಮಾರು 0.87 ಮಿಲಿಮೀಟರ್ ಸರಿಯುತ್ತದೆ. ತೋಳು ನೆಟ್ಟಗಾದ ತುದಿಯಲ್ಲಿ ಅದೇ ಒಂದು ಡಿಗ್ರಿಗೆ ಸರಿಯುವುದು 0.008 ಮಿಲಿಮೀಟರ್, ನೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಅಂದರೆ ಅರ್ಧಕ್ಕೆ ಬಿಡದೆ ಪ್ರತಿ ಸಲ ತುದಿ ಮುಟ್ಟುವವರೆಗೆ ಎಳೆದರೆ ಕೈಯ ತಪ್ಪನ್ನು ಯಂತ್ರವೇ ನುಂಗಿಬಿಡುತ್ತದೆ. ಇದಕ್ಕೆ ರೊಕ್ಕ ಬೇಡ, ಬುಷ್ ಬೇಡ, ಅಭ್ಯಾಸ ಸಾಕು. ಇನ್ನು ಪಿನ್ನುಗಳಲ್ಲಿ ಉಳಿದ ಅಲ್ಪಸ್ವಲ್ಪ ಸಡಿಲು ಎಲ್ಲಿ ಹೋಗುತ್ತದೆ? ಕೇಸು ಒತ್ತುವಾಗ ಭಾರವೆಲ್ಲ ಒಂದೇ ದಿಕ್ಕಿಗೆ, ಕೆಳಕ್ಕೆ. ಸಡಿಲು ಪ್ರತಿ ಸಲವೂ ಒಂದೇ ಕಡೆ ಹೋಗಿ ಕೂರುತ್ತದೆ. ಪ್ರತಿ ಸಲವೂ ಅಷ್ಟೇ ಇರುವ ತಪ್ಪನ್ನು ಡೈ ತಿರುಗಿಸಿ ಸರಿಮಾಡಿಕೊಳ್ಳಬಹುದು. ಸರಿಮಾಡಿಕೊಳ್ಳಲಾಗದ್ದು ಸಲಸಲಕ್ಕೂ ಬದಲಾಗುವ ತಪ್ಪು. ಅದು ಬರುವುದು ಒತ್ತುವ ಭಾರ ಬದಲಾದಾಗ. ಭಾರ ಯಾಕೆ ಬದಲಾಗುತ್ತದೆ?

ಹಿತ್ತಾಳೆಯಿಂದ. ನನ್ನ ವಾದದ ಗಂಟಿರುವುದು ಇಲ್ಲಿ. ಯಂತ್ರ ಪ್ರತಿ ಸಲ ಒಂದೇ ಥರ ಇರುತ್ತದೆ, ಅದರ ಬಾಯಿಗೆ ನಾವು ಕೊಡುವ ವಸ್ತು ಒಂದೇ ಥರ ಇರುವುದಿಲ್ಲ. ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಬಡಿದಷ್ಟೂ, ಒತ್ತಿದಷ್ಟೂ ಅದು ಬಿರುಸಾಗುತ್ತ ಹೋಗುತ್ತದೆ. ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಕೊಡ ಬಡಿಯುವ ಕಂಚುಗಾರರು ಇದನ್ನು ಯಾವ ಪುಸ್ತಕವನ್ನೂ ಓದದೆ ಬಲ್ಲರು: ನಾಲ್ಕು ಸುತ್ತು ಬಡಿತ, ಒಂದು ಸಲ ಕುಲುಮೆ. ಬಿರುಸಾದ ಹಿತ್ತಾಳೆ ಒತ್ತಿ ಬಿಟ್ಟಮೇಲೆ ತುಸು ಹಿಂದಕ್ಕೆ ಪುಟಿಯುತ್ತದೆ, ಮೆತ್ತಗಿನದು ಒತ್ತಿದಲ್ಲೇ ನಿಲ್ಲುತ್ತದೆ. ಎರಡನ್ನೂ ಒಂದೇ ಡೈಗೆ ಹಾಕಿದರೆ ಎರಡು ಅಳತೆ ಬರುತ್ತದೆ. ಕೇಸಿಗೆ ಸವರುವ ಜಿಡ್ಡು ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆಯಾದರೂ ಅಷ್ಟೇ. ಆಗ ಬೈಗುಳ ತಿನ್ನುವುದು ಪ್ರೆಸ್.

ಹುಡುಗನಿಗೆ ಹೇಳಿದೆ: ಹೊಸದನ್ನು ಕೊಳ್ಳುವ ಮೊದಲು ಎರಡು ವಾರ ಅಳತೆ ಮಾತ್ರ ಮಾಡು. ಒಂದು ಡಯಲ್ ಗೇಜ್, ಒಂದು ವರ್ನಿಯರ್, ಒಂದು ನೋಟ್‌ಬುಕ್. ಯಾವ ಕೇಸು ಯಾವ ಕಂಪನಿಯದು, ಎಷ್ಟನೆಯ ಸಲದ್ದು, ಒತ್ತಿದಮೇಲೆ ಎಷ್ಟು ಬಂತು, ಎಲ್ಲ ಬರಿ. ಬರೆದ. ಫೈರಿಂಗ್ ರೇಂಜಿನ ನೆಲದಿಂದ ಆರಿಸಿ ತಂದ ಕೇಸುಗಳನ್ನೂ ತನ್ನವನ್ನೂ ಒಂದೇ ಡಬ್ಬಿಯಲ್ಲಿ ಹಾಕಿಟ್ಟಿದ್ದಾನೆ ಎಂಬುದು ಆಗ ಹೊರಬಿತ್ತು. ನಾಲ್ಕು ಕಂಪನಿಯವು, ಯಾವುದು ಎಷ್ಟು ಸಲ ಹಾರಿದ್ದು ದೇವರೇ ಬಲ್ಲ. ಬೇರೆಬೇರೆ ಡಬ್ಬಿ ಮಾಡಿ, ಜಿಡ್ಡನ್ನು ಒಂದೇ ಹದಕ್ಕೆ ಸವರಿ ನೋಡಿದಾಗ ಅಳತೆಯ ಹೊಯ್ದಾಟ ಅರ್ಧಕ್ಕಿಂತ ಕೆಳಗೆ ಬಂತು. ಪ್ರೆಸ್ ಅದೇ, ಅಲುಗಾಟ ಅಷ್ಟೇ.

ಯಂತ್ರ ನಿಖರವಾಗಿದ್ದರೆ ತಾನೇ ಕೆಲಸ ನಿಖರ ಎಂದು ವಾದಿಸುವವರಿಗೆ ಜೋಸೆಫ್ ವಿಟ್‌ವರ್ತ್‌ನ ಕತೆ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಆ ಇಂಗ್ಲಿಷ್ ಕುಶಲಕರ್ಮಿ ಜಗತ್ತಿಗೆ ಸಪಾಟು ಮೇಲ್ಮೈ ಮಾಡುವುದನ್ನು ಕಲಿಸಿದವನು. 1840ರಲ್ಲಿ ಗ್ಲಾಸ್ಗೋದಲ್ಲಿ ಅದರ ಮೇಲೆ ಪ್ರಬಂಧ ಓದಿದ. ಅವನ ಹತ್ತಿರ ಅಷ್ಟು ನಿಖರವಾಗಿ ಸಪಾಟು ಮಾಡಬಲ್ಲ ಯಂತ್ರವಿರಲಿಲ್ಲ, ಅಂಥದ್ದು ಆಗ ಎಲ್ಲೂ ಇರಲಿಲ್ಲ. ಅವನು ತೆಗೆದುಕೊಂಡದ್ದು ಮೂರು ಡೊಂಕು ಫಲಕ. ಒಂದಕ್ಕೆ ಬಣ್ಣ ಹಚ್ಚಿ ಇನ್ನೊಂದರ ಮೇಲೆ ಇಟ್ಟು, ಬಣ್ಣ ತಾಗಿದ ಉಬ್ಬನ್ನು ಕೈಯಿಂದ ಕೆರೆಯುವುದು. ಎರಡೇ ಫಲಕವಾದರೆ ಮೋಸ ಹೋಗಬಹುದು: ಒಂದು ಉಬ್ಬು, ಒಂದು ತಗ್ಗು, ಎರಡೂ ಗಂಡ ಹೆಂಡತಿಯಂತೆ ಹೊಂದಿಕೊಂಡು ಕೂತಿರುತ್ತವೆ. ಮೂರನೆಯದು ಬಂದಾಗ ಸುಳ್ಳು ಬಯಲಾಗುತ್ತದೆ. ಮೂರನ್ನೂ ಸರದಿಯ ಮೇಲೆ ಒಂದಕ್ಕೊಂದು ನೋಡುತ್ತ ಕೆರೆದರೆ ಕೊನೆಗೆ ಮೂರೂ ಸಪಾಟು. ಡೊಂಕಿನಿಂದಲೇ ನೆಟ್ಟಗಿನದು ಹುಟ್ಟಿತು. ಹುಟ್ಟಿಸಿದ್ದು ಹೋಲಿಕೆ, ತಾಳ್ಮೆ ಮತ್ತು ಕೈ. ಅವನೇ ಮುಂದೆ ಬಂದೂಕನ್ನೂ ಮಾಡಿದ. 1860ರಲ್ಲಿ ವಿಂಬಲ್ಡನ್ನಿನ ಗುರಿಸ್ಪರ್ಧೆಯನ್ನು ವಿಕ್ಟೋರಿಯಾ ರಾಣಿ ಉದ್ಘಾಟಿಸಿದ್ದು ಅವನ ರೈಫಲ್ಲಿನಿಂದಲೇ: ಆನಿಸಿ ಕಟ್ಟಿಟ್ಟ ಬಂದೂಕು, ರಾಣಿ ರೇಷ್ಮೆ ಹುರಿ ಎಳೆದಳು, 400 ಗಜ ದೂರದ ಗುರಿಯ ನಡುವಿಂದ ಒಂದೂಕಾಲು ಇಂಚಿನ ಆಸುಪಾಸಿನಲ್ಲಿ ಗುಂಡು ಬಿತ್ತು. ಆನಿಸುವ ಸ್ಟ್ಯಾಂಡ್ ಬಿಗಿಯಾಗಿತ್ತಲ್ಲ ಎಂದು ನನ್ನನ್ನೇ ಹಿಡಿಯಬಹುದು ನೀವು. ಹಿಡಿಯಿರಿ. ಬಿಗಿ ಎಲ್ಲಿ ಬೇಕೋ ಅಲ್ಲಿ ಬೇಕು.

ಬಿಗಿ, ಸಡಿಲು ಎಲ್ಲೆಲ್ಲಿ ಎಂಬುದನ್ನು ಬಲ್ಲ ಯಂತ್ರವೊಂದು ನಮ್ಮ ತಾಲ್ಲೂಕಿನಲ್ಲಿಯೇ ಇತ್ತು. ಶಿಗ್ಗಾಂವಿ, ಹಾನಗಲ್ಲಿನ ಮಳೆಯಾಶ್ರಿತ ಗದ್ದೆಗಳಲ್ಲಿ ಭತ್ತವನ್ನು ನಾಟಿ ಮಾಡದೆ ಒಣ ಮಣ್ಣಿಗೆ ಕೂರಿಗೆಯಲ್ಲಿ ಬಿತ್ತುವ ರೂಢಿ ಹಳೆಯದು. ಕೂರಿಗೆಯ ದಿಂಡಿಗೆ ತಾಳುಗಳು ಬಿಗಿ, ಇಲ್ಲಿ ಚೂರೂ ಅಲುಗಬಾರದು, ಅಲುಗಿದರೆ ಸಾಲಿನಿಂದ ಸಾಲಿಗೆ ಅಂತರ ತಪ್ಪುತ್ತದೆ, ಮುಂದೆ ಎಡೆ ಹೊಡೆಯುವಾಗ ಪೈರು ಕೀಳುತ್ತದೆ. ಆದರೆ ನೊಗಕ್ಕೂ ಕೂರಿಗೆಗೂ ನಡುವಿನ ಕಟ್ಟು ಹಗ್ಗದ್ದು, ಅದಕ್ಕೆ ಸಡಿಲು ಬೇಕು. ಎತ್ತು ತುಸು ಮುಗ್ಗರಿಸಿದರೂ ತಾಳು ನೆಲ ಬಿಡಬಾರದಲ್ಲ. ಸಾಲಿನ ಅಂತರದಲ್ಲಿ ಬಿಗಿ, ನೆಲದ ಉಬ್ಬುತಗ್ಗಿನೊಂದಿಗೆ ಸಡಿಲು. ಇದನ್ನು ಮಾಡಿದ ಬಡಿಗೇರ ಕೋ-ಆಕ್ಸ್ ಪ್ರೆಸ್ ನೋಡಿದ್ದರೆ “ಹೌದ್ರಿ, ಹಿಂಗ ಇರಬೇಕು” ಅನ್ನುತ್ತಿದ್ದ.

ಆ ಬಿತ್ತನೆಯ ಕರಾರುವಾಕ್ಕು ಇದ್ದದ್ದು ಮರದಲ್ಲೂ ಅಲ್ಲ, ಅವ್ವನ ಮುಷ್ಟಿಯಲ್ಲಿ. ರೋಹಿಣಿ ಮಳೆಗೆ ಮುಂಚೆ, ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೂರಿಗೆಯ ಹಿಂದೆ ಹೆಜ್ಜೆ ಹಾಕುತ್ತ ಬಟ್ಟಲಿಗೆ ಬೀಜ ಬಿಡುತ್ತಿದ್ದಳು. ಬೆರಳುಗಳ ಸಂದಿನಿಂದ ಜಾರುವ ಕಾಳಿಗೆ ಒಂದು ಲಯವಿತ್ತು. ಅವಳ ಜೊತೆ ಮಾತಾಡಿದರೆ ಬೈಯುತ್ತಿದ್ದಳು, ಲಯ ತಪ್ಪುತ್ತದೆ ಎಂದು. ಹದಿನೈದು ದಿನಕ್ಕೆ ಮೊಳಕೆ ಎದ್ದಾಗ ಸಾಲು ನೋಡಿದರೆ ಯಾರು ಬೀಜ ಬಿಟ್ಟಿದ್ದು ಎಂದು ಊರವರು ಹೇಳುತ್ತಿದ್ದರು. ಒಂದು ವರ್ಷ ಅವ್ವನಿಗೆ ಜ್ವರ ಬಂದು ಬೇರೆಯವರು ಬಿಟ್ಟರು. ಕೂರಿಗೆ ಅದೇ, ಎತ್ತು ಅವೇ, ಸಾಲಿನಲ್ಲಿ ಒಂದು ಕಡೆ ಗುಂಪು, ಒಂದು ಕಡೆ ಬಯಲು. ಅಪ್ಪ ಕೂರಿಗೆಯನ್ನು ಬಡಿಗೇರನ ಹತ್ತಿರ ಒಯ್ದಿದ್ದ, ರಿಪೇರಿಗೆ! ಬಡಿಗೇರ ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕಳಿಸಿದ.

ಇನ್ನೊಂದು ಸಂಗತಿ, ಇದು ಗುರಿಕಾರರಿಗೇ ಸೇರಿದ್ದು. ಒಲಿಂಪಿಕ್ಸಿನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಗುರಿಹಲಗೆಯ ಹತ್ತಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಅಂಗಿಯ ಗುಂಡಿಯಷ್ಟು. ಅದಕ್ಕೆ ಸಾಲಾಗಿ ಹತ್ತತ್ತು ಹೊಡೆಯುವವರು ಯಾವ ಪ್ರೆಸ್ಸನ್ನೂ ಇಟ್ಟುಕೊಂಡಿರುವುದಿಲ್ಲ. ಅವರ .22 ತೋಟಾ ಒಮ್ಮೆ ಹಾರಿದರೆ ಮುಗಿಯಿತು, ಅದನ್ನು ಮತ್ತೆ ತುಂಬುವ ಪದ್ಧತಿಯೇ ಇಲ್ಲ. ಅವರು ಮಾಡುವುದು ಇಷ್ಟು: ಒಂದೇ ಕಂಪನಿಯ ಬೇರೆಬೇರೆ ಲಾಟ್ ತರಿಸಿ, ತಮ್ಮ ಬಂದೂಕಿಗೆ ಯಾವ ಲಾಟ್ ಹೊಂದುತ್ತದೆ ಎಂದು ಹಾರಿಸಿ ನೋಡಿ, ಹೊಂದಿದ್ದನ್ನು ಪೆಟ್ಟಿಗೆಗಟ್ಟಲೆ ಕೊಳ್ಳುವುದು. ಮಾಡುವುದಕ್ಕಿಂತ ಆರಿಸುವುದು ದೊಡ್ಡದು.

ಆರಿಸುವುದು ಅಂದಾಗ ಹುಬ್ಬಳ್ಳಿಯ ಬೆಂಗೇರಿ ನೆನಪಾಗುತ್ತದೆ. ಅಲ್ಲಿನ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಭಾರತೀಯ ಮಾನಕ ಸಂಸ್ಥೆಯ ಮುದ್ರೆ ಇರುವ ರಾಷ್ಟ್ರಧ್ವಜ ತಯಾರಿಸುತ್ತದೆ. ಕೈಯಲ್ಲಿ ತೆಗೆದ ನೂಲು, ಕೈಮಗ್ಗದ ಬಟ್ಟೆ. ನೂಲುವ ಕೈ ದಿನಕ್ಕೊಂದು ಥರ ಇರುತ್ತದೆ, ಮಗ್ಗವೂ ಅಲುಗುತ್ತದೆ. ಹಾಗಿದ್ದೂ ಬಣ್ಣ, ಅಳತೆ, 3ಕ್ಕೆ 2ರ ಪ್ರಮಾಣ, ಚಕ್ರದ 24 ಅರೆಗಳು ಎಲ್ಲವೂ ಮಾನಕಕ್ಕೆ ಸರಿಬರುತ್ತವೆ. ಹೇಗೆ? ಹಂತಹಂತಕ್ಕೂ ನೋಡುತ್ತಾರೆ, ಸರಿಯಿಲ್ಲದ್ದನ್ನು ಪಕ್ಕಕ್ಕೆ ಹಾಕುತ್ತಾರೆ. ಪಕ್ಕಕ್ಕೆ ಹಾಕುವ ಧೈರ್ಯ ನಮಗೆ ಬರುವುದು ಕಷ್ಟ. ದುಬಾರಿ ಯಂತ್ರ ಕೊಂಡಮೇಲಂತೂ ಇನ್ನೂ ಕಷ್ಟ, ಇಷ್ಟು ಕೊಟ್ಟು ತಂದದ್ದು ತಪ್ಪು ಮಾಡುವುದುಂಟೇ ಎಂದು ಅಳತೆ ಮಾಡುವುದನ್ನೇ ಬಿಡುತ್ತೇವೆ.

ನನ್ನ ವಾದಕ್ಕೂ ಎಲ್ಲೆ ಇದೆ. ದಿನಕ್ಕೆ ಸಾವಿರ ಲೆಕ್ಕದಲ್ಲಿ ಒಂದೇ ಥರದ ಹೊಸ ಕಚ್ಚಾ ಮಾಲು ಬರುವ ಕಾರ್ಖಾನೆಯಲ್ಲಿ ಕಥೆ ಬೇರೆ. ಅಲ್ಲಿ ಮಾಲಿನ ವ್ಯತ್ಯಾಸವನ್ನು ಮೊದಲೇ ಕಳೆದಿರುತ್ತಾರೆ, ಉಳಿದದ್ದು ಯಂತ್ರದ್ದೇ, ಅದನ್ನು ಬಿಗಿ ಮಾಡಲೇಬೇಕು. ಎಳೆಯುವಾಗ ಪ್ರೆಸ್ಸಿನ ಚೌಕಟ್ಟೇ ಬಾಗುವಷ್ಟು ತೆಳುವಾಗಿದ್ದರೂ ಬದಲಿಸಿ, ನಾನು ಅಡ್ಡ ಬರುವುದಿಲ್ಲ. ನಾನು ಹೇಳುವುದು ಸರದಿಯ ಮಾತು. ಮೊದಲು ಅಳೆಯುವುದು, ಆಮೇಲೆ ಮಾಲು, ಆಮೇಲೆ ಕೈ, ಎಲ್ಲಕ್ಕಿಂತ ಕಡೆಗೆ ಯಂತ್ರ. ನಾವು ಈ ಸರದಿಯನ್ನು ತಲೆಕೆಳಗು ಮಾಡುತ್ತೇವೆ, ಯಾಕೆಂದರೆ ಯಂತ್ರವನ್ನು ಅಂಗಡಿಯಲ್ಲಿ ಕೊಳ್ಳಬಹುದು, ಉಳಿದ ಮೂರು ಅಂಗಡಿಯಲ್ಲಿ ಸಿಗುವುದಿಲ್ಲ.

ಹುಡುಗ ಹೊಸ ಪ್ರೆಸ್ಸಿನ ಆರ್ಡರ್ ರದ್ದು ಮಾಡಿದನೋ ಇಲ್ಲವೋ ನಾನು ಕೇಳಿಲ್ಲ, ಅವನ ರೊಕ್ಕ. ಫಿಟ್ಟರ್ ಗೆಳೆಯರು ಇನ್ನೂ ಪೂರ್ತಿ ಒಪ್ಪಿಲ್ಲ. ಅವರಲ್ಲಿ ಒಬ್ಬರು ಮೊನ್ನೆ ಮನೆಗೆ ಬಂದು, ಚಹಾ ಆದಮೇಲೆ, ಜೇಬಿನಿಂದ ವರ್ನಿಯರ್ ತೆಗೆದು ನಮ್ಮ ಬೀಸುವ ಕಲ್ಲಿನ ಗೂಟವನ್ನೂ ತೂತನ್ನೂ ಅಳೆದರು. ಮೂರೂವರೆ ಮಿಲಿಮೀಟರ್ ಸಡಿಲು ಬಂತು. ಆಮೇಲೆ ಒಂದು ಹಿಡಿ ಜೋಳ ಹಾಕಿ ಬೀಸಿ, ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದರು. ನುಣ್ಣಗಿತ್ತು.